ಕಾನೆಲ್ ಮರಿಯ ಬಾಯಿಕುಕ್ಕೆ

ಲೆ ಶಿರೋನ್,
ಏಪ್ರಿಲ್ ೧೯೪೯

ಹನ್ನೆರಡು ವರ್ಷಗಳಿಂದ ನನ್ನನ್ನು ಅಳಿಯನೆಂದು ಕರೆಯದ ರಾದೆಗೊಂದ್ ಅತ್ತೆಯವರಿಗೆ,

ನಿಮಗೆ ಓದಲು ಬಾರದು. ನನಗೆ ಓದಿದ್ದನ್ನು ತೋರಿಸಿಕೊಳ್ಳದೆ ಬರೆಯಲು ಬಾರದು. ಹಾಗಾಗಿ ನಮ್ಮಿಬ್ಬರ ನಡುವೆ ಈ ಕಾಗದ ದಾಟಬೇಕಾದರೆ ದೋಣಿಕಟ್ಟೆಯ ಕೆಫೆಯ ಫಿಲೊಮೆನ್ ಅವರೇ ಬೇಕು. ನಿಮ್ಮ ಜೌಗುನಾಡಿನಲ್ಲಿ ಯಾರ ಮನೆಗೆ ಕಾಗದ ಬಂದರೂ ಓದಿ ಹೇಳುವವರು ಅವರೇ ಎಂದು ಕ್ಲೆಮಾನ್ಸ್ ಹೇಳುತ್ತಿದ್ದಳು. ನಿಮ್ಮ ಈ ಮಗಳು ಪ್ರತಿ ತಿಂಗಳೂ ನಿಮ್ಮನ್ನು ನೋಡಿಕೊಂಡು ಒಂದು ಬುಟ್ಟಿ ಹಾವುಮೀನು ಹೊತ್ತು ತರುತ್ತಾಳೆ. ಮೀನಿನ ಯೋಗಕ್ಷೇಮವನ್ನೆಲ್ಲ ವಿವರವಾಗಿ ಹೇಳುತ್ತಾಳೆ, ನಿಮ್ಮದನ್ನು ಹೇಳುವುದಿಲ್ಲ. ಹೋದ ವಾರ ಮಾತ್ರ ಮೀನು ಸೀಳುತ್ತಾ ಒಂದು ಮಾತು ಬಾಯಿಜಾರಿ ಆಡಿದಳು: "ಅಮ್ಮಂಗೆ ಕಿವಿ ಪೂರ್ತಿ ಹೋಯ್ತು. ಫಿಲೊಮೆನ್ ಏನಾದ್ರೂ ಹೇಳ್ಬೇಕಂದ್ರೆ ಗಂಟಲು ಹರಕೊಳ್ತಾಳೆ. ಅರ್ಧ ಊರಿಗೆ ಕೇಳ್ಸುತ್ತೆ, ಅಮ್ಮಂಗೆ ಕೇಳ್ಸಲ್ಲ." ಅದನ್ನು ಕೇಳಿದ ಮೇಲೆಯೇ ನಾನು ಪೆನ್ನು ಹಿಡಿದದ್ದು. ಏಕೆಂದು ಕೊನೆಯಲ್ಲಿ ಹೇಳುತ್ತೇನೆ.

ಕ್ಷಮೆ ಕೇಳುವುದಕ್ಕೆಂದು ಬರೆಯುತ್ತಿಲ್ಲ. ಅದು ಕೇಳಿ ಪಡೆಯುವ ವಸ್ತುವಾಗಿದ್ದರೆ ನನ್ನಂಥ ಬಾಯಿಬಡುಕ ಯಾವತ್ತೋ ಪಡೆದಿರುತ್ತಿದ್ದ. ನಿಮ್ಮ ತಲೆಯ ಮೇಲೆ ಊರು ಹೊರಿಸಿದ ಒಂದು ಮಾತಿದೆ. 'ಮರಿಗಳಿಗೆ ಕಣ್ಣು ಹಾಕಿ ಕೊಂದವಳು' ಎಂಬ ಮಾತು. ಅದನ್ನು ಇಳಿಸಬೇಕು. ಹೊರಿಸಿದ್ದು ಊರಾದರೂ ಹೊರೆಗೆ ಕೈಕೊಟ್ಟು ಎತ್ತಿದವನು ನಾನು.

ನಾನು ಹೆಣ್ಣು ನೋಡಲು ಬಂದ ದಿನ ನೆನಪಿದೆಯೇ? ನೋಡಿಸಿಕೊಂಡದ್ದು ನಾನೇ. ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸಂತೆಯಲ್ಲಿ ಕುದುರೆ ನೋಡುವ ಹಾಗೆ ನನ್ನ ಕಾಲಿನಿಂದ ತಲೆಯವರೆಗೆ ಒಂದು ಸುತ್ತು ಕಣ್ಣಾಡಿಸಿದಿರಿ. ಹಲ್ಲು ಬಿಡಿಸಿ ನೋಡುವ ಅಗತ್ಯ ಬೀಳಲಿಲ್ಲ, ನಾನಾಗಿಯೇ ಹಲ್ಲು ಬಿಟ್ಟುಕೊಂಡು ನಿಂತಿದ್ದೆ. "ಎಷ್ಟು ವರ್ಷ ಓದಿದ್ರಿ ಅಳಿಯಂದ್ರೇ?" ಎಂದಿರಿ, ಮದುವೆ ಗೊತ್ತಾಗುವ ಮುಂಚೆಯೇ. ಪಶುವೈದ್ಯಕೀಯ, ಐದು ವರ್ಷ ಎಂದೆ. "ಅಬ್ಬ! ನಮ್ಮ ಹೇಸರಗತ್ತೆ ಹನ್ನೆರಡು ತಿಂಗಳಿಗೇ ಹೊಟ್ಟೆಯಿಂದ ಹೊರಗೆ ಬರುತ್ತೆ" ಎಂದಿರಿ. ಅಂದು ನಾನು ನಕ್ಕಷ್ಟು ಯಾರೂ ನಗಲಿಲ್ಲ. ಆದರೆ ಅತ್ತೆ, ನಗಿಸುವವನು ತನ್ನನ್ನು ನಗಿಸಿದವರನ್ನು ಮರೆಯುವುದಿಲ್ಲ. ಸೇರಿಗೆ ಸವ್ವಾಸೇರು ಕೊಡಬೇಕೆಂಬ ಹಟ ಅಂದೇ ಹುಟ್ಟಿತ್ತೋ ಏನೋ.

ಕುದುರೆಗೆ ಕತ್ತೆಯಿಂದ ಮರಿ ಪಡೆಯುವುದೇ ಬದುಕಾದ ಊರು ನಮ್ಮದು. ಗಾಸ್ಪಾರನ ಕೊಟ್ಟಿಗೆಯಲ್ಲಿ ಕಂಬಳಿ ಹೊದ್ದಂತೆ ಮೈತುಂಬ ಜಟೆ ಬಿಟ್ಟ ಗಂಡುಕತ್ತೆ ಪಾಶಾ. ಮನೆಮನೆಯಲ್ಲೂ ಕೊಳಗದಷ್ಟು ದಪ್ಪ ಗೊರಸಿನ ಹೆಣ್ಣುಕುದುರೆಗಳು. ವಸಂತ ಬಂದರೆ ಉದ್ದಕಿವಿಯ ಮರಿಗಳು. ಯಾರ ಮನೆಯಲ್ಲಿ ಕುದುರೆ ಈಯುವುದಿದ್ದರೂ ಮೊದಲು ಕರೆಯುತ್ತಿದ್ದದ್ದು ನಿಮ್ಮನ್ನು. ಜೌಗಿನ ಅಂಚಿನ ಕಡ್ಡಿಗಳಿಂದ ನೀವೇ ಹೆಣೆದ ಪುಟ್ಟ ಕುಕ್ಕೆಗಳ ಒಂದು ಸರ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದಿರಿ. ಮರಿ ನೆಲಕ್ಕೆ ಬಿದ್ದು ಕಾಲೂರಿ ನಿಲ್ಲುವಷ್ಟರಲ್ಲಿ ಅದರ ಬಾಯಿಗೆ ಕುಕ್ಕೆ ಬಿಗಿದಿರುತ್ತಿತ್ತು. ಆಮೇಲೆ ತಾಯಿಯ ಹೊಟ್ಟೆಯ ಕೆಳಗೆ ಕುಳಿತು ಅರಿಸಿನದ ಬಣ್ಣದ ಆ ಗಿಣ್ಣುಹಾಲನ್ನು ಕೊನೆಯ ಹನಿಯವರೆಗೂ ಹಿಂಡಿ, ತಿಪ್ಪೆಗೆ ಒಯ್ದು ಮಣ್ಣು ಮುಚ್ಚುತ್ತಿದ್ದಿರಿ. ಒಂದೂವರೆ ದಿನ ಮರಿಗೆ ಹಸುವಿನ ಹಾಲು. ಅಥವಾ ಅದೇ ವಾರ ಕುದುರೆಮರಿಯನ್ನೇ ಹೆತ್ತ ಬೇರೊಂದು ಕುದುರೆ ಸಿಕ್ಕರೆ, ಅದರ ಹಾಲು. ತಾಯಿಯ ಹಾಲು ಬೆಳ್ಳಗೆ ತೆಳ್ಳಗೆ ಇಳಿದ ಮೇಲೆ ಕುಕ್ಕೆ ಬಿಚ್ಚುತ್ತಿದ್ದಿರಿ.

ನನಗಿದು ಕಣ್ಣುರಿ. ಹುಟ್ಟಿದ ಮರಿಗೆ ಗಿಣ್ಣೇ ಕವಚ ಎಂದು ಐದು ವರ್ಷ ಓದಿ ಬಂದವನು ನಾನು. ಓದಿದ್ದರಲ್ಲಿ ಸುಳ್ಳಿರಲಿಲ್ಲ. ನಿಮ್ಮ ಕುಕ್ಕೆಯ ಮರಿಗಳಲ್ಲೂ ವರ್ಷಕ್ಕೆ ಒಂದೆರಡು ಕೀಲು ಊದಿ, ನಂಜೇರಿ ಸಾಯುತ್ತಿದ್ದವು. ಅದನ್ನು ನಿಮ್ಮ ಮುಂದೆ ಹೇಳಿದಾಗ ನೀವು ಒಪ್ಪಿದಿರಿ: "ಹೌದು, ಸಾಯ್ತವೆ. ಕುಡಿಸಿದ್ರೆ ಅದಕ್ಕಿಂತ ಜಾಸ್ತಿ ಸಾಯ್ತವೆ. ನಿಮ್ಮ ಪುಸ್ತಕ ಕುದುರೆಗೆ ಹುಟ್ಟಿದ ಕುದುರೇದು. ಇದಕ್ಕೆ ಅಪ್ಪ ಬೇರೆ ಜಾತಿ." ಐದು ವರ್ಷದ ಓದಿಗೆ ಇಷ್ಟು ಚಿಕ್ಕ ಉತ್ತರ ಸಿಕ್ಕರೆ ಯಾವ ಗಂಡಸು ಸುಮ್ಮನಿರುತ್ತಾನೆ?

ಮೂವತ್ತಾರರ ವಸಂತದಲ್ಲಿ ನನ್ನ ಕುದುರೆ ಫೋವೆಟ್ ಚೊಚ್ಚಲ ಮರಿ ಹಾಕಿತು. ನಿಮ್ಮನ್ನು ಕರೆಯಲಿಲ್ಲ. ಮರಿಗೆ ಹೊಟ್ಟೆ ಬಿರಿಯುವಷ್ಟು ಗಿಣ್ಣು ಕುಡಿಸಿದೆ. ಮೂರನೆಯ ದಿನ ಅದು ಅಂಗಳದಲ್ಲಿ ಕೋಳಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾಗ ನಿಮ್ಮನ್ನು ಕರೆದು ತೋರಿಸಿದೆ. ನೀವು ಮರಿಯ ಕಣ್ಣಿನ ರೆಪ್ಪೆ ಎತ್ತಿ ನೋಡಿ, ಬೆನ್ನು ಸವರಿ ಹೇಳಿದ ಮಾತನ್ನು ನಾನು ಸಾಯುವವರೆಗೆ ಮರೆಯುವಂತಿಲ್ಲ. "ಮೊದಲ್ನೇ ಸಲ ತಾಯಿಗೆ ಗೊತ್ತಾಗಲ್ಲ ಅಳಿಯಂದ್ರೇ, ಹೊಟ್ಟೇಲಿದ್ದೋನು ಯಾರ ಮಗ ಅಂತ. ಹೆರುವಾಗ ನೋಡ್ಕೊಂಡಿರ್ತಾಳೆ. ಎರಡನೇ ಸಲ ಗುರುತು ಹಿಡೀತಾಳೆ. ಮೂರನೇ ಸಲ ಬಿಡಲ್ಲ."

ಇಷ್ಟು ಸಾಕಾಯಿತು ನನಗೆ. ಅದೇ ಸಂಜೆ ಊರಿನ ಕೆಫೆಯಲ್ಲಿ ನಿಮ್ಮ ಕುಕ್ಕೆಯೊಂದನ್ನು ನನ್ನ ಬಾಯಿಗೇ ಕಟ್ಟಿಕೊಂಡು, ಸೊಂಟಕ್ಕೆ ಮೇಜಿನ ಬಟ್ಟೆ ಸುತ್ತಿ, ನಿಮ್ಮ ನಡಿಗೆ ನಡೆದು ತೋರಿಸಿದೆ. "ಗುರುತು ಹಿಡೀತಾಳೆ, ಗುರುತು ಹಿಡೀತಾಳೆ" ಎಂದು ಕುಕ್ಕೆಯೊಳಗಿಂದ ಮೂಗುಮೂಗಾಗಿ ಹಾಡಿದೆ. ಗಾಸ್ಪಾರ್ ನಕ್ಕು ನಕ್ಕು ಬೆಂಚಿನಿಂದ ಬಿದ್ದ. ಅಷ್ಟಕ್ಕೇ ಬಿಡಲಿಲ್ಲ. ಹೊಸ ವರ್ಷದ ಪಂಚಾಂಗಕ್ಕೆ 'ಕುಕ್ಕೆ ಮಹಾರಾಣಿ' ಎಂಬ ಹರಟೆ ಬರೆದುಕೊಟ್ಟೆ. ಹೆಸರು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಅದರ ಕೊನೆಗೆ ಒಂದು ಗಾದೆಯನ್ನೂ ಹೊಸೆದಿಟ್ಟೆ: 'ಗಿಣ್ಣು ತಪ್ಪಿದರೆ ಗೆಣ್ಣು ಊದೀತು.' ನನ್ನ ಬದುಕಿನ ಅತ್ಯುತ್ತಮ ಪ್ರಾಸ ಅದೇ. ಬೆಳಿಗ್ಗೆ ಹುಲ್ಲು ಹಾಕುವವರೆಲ್ಲ ಅದನ್ನು ಗುನುಗಿದರು. ಹಬ್ಬದೂಟದಲ್ಲಿ ಕ್ಲೆಮಾನ್ಸ್ ನನ್ನ ತಟ್ಟೆಗೆ ಸಾರು ಬಡಿಸಿ, ಚಮಚ ಕೊಡದೆ ಎದ್ದು ಹೋದಳು. ನೀವು ಚಮಚ ತಂದುಕೊಟ್ಟಿರಿ. "ಚೆನ್ನಾಗಿ ಬರ್ದಿದೀರಂತೆ" ಎಂದಿರಿ, ಅಷ್ಟೇ.

ಮೂವತ್ತೇಳರ ವಸಂತದಲ್ಲಿ ನಿಮ್ಮನ್ನು ಯಾರೂ ಕರೆಯಲಿಲ್ಲ.

ಮೊದಲ ಮರಿ ಎರಡನೆಯ ದಿನ ಕಿವಿ ಜೋಲು ಹಾಕಿತು. ಕಣ್ಣಿನ ಬಿಳಿ ಹಳದಿಯಾಯಿತು, ಒಸಡು ಹಳದಿಯಾಯಿತು, ಹುಲ್ಲಿನ ಮೇಲೆ ಹುಯ್ದ ಉಚ್ಚೆ ಕೆಂಪು. ಮೂರನೆಯ ದಿನ ಸತ್ತಿತು. ಕೊಟ್ಟಿಗೆಯ ಥಂಡಿ ಎಂದೆ. ಎರಡನೆಯದಕ್ಕೆ ಶ್ವಾಸಕೋಶದ ಜ್ವರ ಎಂದೆ. ಮೂರನೆಯದಕ್ಕೆ ಏನೆಂದೆನೋ ಮರೆತಿದ್ದೇನೆ, ಲ್ಯಾಟಿನ್‌ನಲ್ಲಿ ಹೇಳಿರಬೇಕು. ನಾಲ್ಕನೆಯದು ಗಾಸ್ಪಾರನ ಮನೆಯದು. ಅದನ್ನು ಕೊಯ್ದು ನೋಡಿದೆ. ಕೊಬ್ಬೆಲ್ಲ ಹಳದಿ, ಮೂತ್ರಕೋಶದ ತುಂಬ ದ್ರಾಕ್ಷಾರಸದ ಬಣ್ಣ. ಶ್ವಾಸಕೋಶ ಮಾತ್ರ ಹೂವಿನಂತೆ ಸ್ವಚ್ಛ. ಅದೇ ಗಾಸ್ಪಾರನ ಇನ್ನೊಂದು ಹಳೆಯ ಕುದುರೆಗೆ ಎರಡು ದಿನ ಹಾಲೇ ಇಳಿದಿರಲಿಲ್ಲ. ಹಸುವಿನ ಹಾಲು ಕುಡಿದ ಅದರ ಮರಿ ಪಕ್ಕದಲ್ಲೇ ನಿಂತು ನನ್ನ ಕೋಟಿನ ಅಂಚು ಚೀಪುತ್ತಿತ್ತು. ಊರಿನಲ್ಲಿ ಬದುಕಿದ್ದ ಉಳಿದ ಮರಿಗಳೆಲ್ಲ ಚೊಚ್ಚಲ ಕುದುರೆಗಳವು. ಅತ್ತೆ, ನಾನು ದಡ್ಡನಲ್ಲ. ದಡ್ಡನಾಗಿದ್ದರೆ ಇಂದು ಸ್ವಲ್ಪ ನೆಮ್ಮದಿಯಿಂದ ಇರುತ್ತಿದ್ದೆ. ಚಾಕು ಒರೆಸಿಕೊಳ್ಳುವಷ್ಟರಲ್ಲಿ ನನಗೆಲ್ಲ ತಿಳಿದುಹೋಗಿತ್ತು.

ಗಾಸ್ಪಾರ್ ಕೇಳಿಯೂ ಕೇಳಿದ. "ಡಾಕ್ಟ್ರೇ, ನಿಜ ಹೇಳಿ. ಹಾಲಾ?" ಸುತ್ತ ಎಂಟು ಹತ್ತು ಜನ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಅವರ ಮನೆಯ ಗೋಡೆಗಳ ಮೇಲೆಲ್ಲ ನನ್ನ ಪಂಚಾಂಗ ನೇತಾಡುತ್ತಿತ್ತು. "ಹಾಲು ಕೊಲ್ಲುತ್ತೇನಯ್ಯಾ? ತಾಯಿ ಹಾಲು!" ಎಂದೆ. ನಗುತ್ತಲೇ ಎಂದೆ. "ಹಂಗಾದ್ರೆ ಯಾರು?" ಎಂದ ಗಾಸ್ಪಾರ್. 'ಏನು' ಎಂದು ಕೇಳುವ ಬದಲು 'ಯಾರು' ಎಂದು ಕೇಳಿದ. ಯಾರೋ ಒಬ್ಬರು ತಿರುಗಿ ನಿಮ್ಮ ಮನೆಯ ಕಡೆ ನೋಡಿದರು. ನಾನು ಅದನ್ನು ನೋಡಿದೆ, ನೋಡಿ ಕೈ ತೊಳೆದುಕೊಳ್ಳಲು ಬಾವಿಯ ಕಡೆ ಹೋದೆ.

ಐದನೆಯ ಮನೆಯವರು ಕರೆಯಲು ಬಂದಾಗ ಜ್ವರವೆಂದು ಹೇಳಿಸಿ ಮುಸುಕೆಳೆದು ಮಲಗಿದೆ. ಅವರ ಮರಿಗೆ ಆ ಹಾಲು ತಪ್ಪಿಸುವುದಕ್ಕೆ ಒಂದೇ ಒಂದು ಮಾತು ಸಾಕಿತ್ತು. ಆ ಮರಿಯೂ ಹೋಯಿತು.

ಅಷ್ಟರಲ್ಲಿ ನಿಮ್ಮನ್ನು ಕಂಡರೆ ಹೆಂಗಸರು ದಾರಿ ದಾಟುತ್ತಿದ್ದರು. ಕೆಲಸ ಹೋದ ಹೊಟ್ಟೆಕಿಚ್ಚಿಗೆ ಕಣ್ಣು ಹಾಕುತ್ತಿದ್ದಾಳೆ ಎಂಬ ಮಾತು ಅಡುಗೆಮನೆಗಳಲ್ಲಿ ಕುದಿಯುತ್ತಿತ್ತು. ನಿಮ್ಮ ಬಾಗಿಲಿಗೆ ಯಾರೋ ಸತ್ತ ಮರಿಯ ಗೊರಸು ಕಟ್ಟಿ ಹೋದರು. ಅದನ್ನು ಬಿಚ್ಚಿದವಳು ಕ್ಲೆಮಾನ್ಸ್. ಬಿಚ್ಚಿ ತಂದು ನನ್ನ ಮೇಜಿನ ಮೇಲೆ, ಬರೆಯುವ ಕಾಗದಗಳ ಮೇಲೆ ಇಟ್ಟಳು.

ಆ ಭಾನುವಾರದ ವಿಷಯವನ್ನು ನಿಮಗೆ ಹೇಳಬೇಕಿಲ್ಲ. ಆದರೂ ಬರೆಯುತ್ತೇನೆ, ಓದುತ್ತಿರುವ ಫಿಲೊಮೆನ್ ಅವರಿಗೂ ತಿಳಿಯಲಿ.

ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ ನಿಮ್ಮ ಕಾನೆಲ್ ಮರಿ ಹಾಕಿತು. ಏಳನೆಯ ಬಸಿರು. ಚಕ್ಕೆಯ ಬಣ್ಣದ ಆ ಕುದುರೆ ನಿಮಗೆ ಹೆಚ್ಚುಕಮ್ಮಿ ಕ್ಲೆಮಾನ್ಸ್‌ಳ ತಂಗಿ. ಪೂಜೆ ಮುಗಿಸಿ ಊರೆಲ್ಲ ನಿಮ್ಮ ಮನೆಯ ಮುಂದೆ ಹಾದುಹೋಗುವಾಗ ನೀವು ಅಂಗಳದ ಗೇಟು ಅಗಲಕ್ಕೆ ತೆರೆದು ನಿಂತಿದ್ದಿರಿ. "ಬನ್ನಿ, ಎಲ್ಲಾರೂ ಬನ್ನಿ. ಗಾಸ್ಪಾರಪ್ಪ, ನೀನು ಮುಂದೆ ಬಾ, ನಿಂದೇ ಕತ್ತೆ ಮಗ ಇವನು" ಎಂದಿರಿ. ಕೊಟ್ಟಿಗೆಯ ಮುಂದೆ ಬಿಸಿಲಿನಲ್ಲಿ ಕಾನೆಲ್, ಪಕ್ಕದಲ್ಲಿ ಇನ್ನೂ ಒದ್ದೆ ಆರದ ಕಂದುಮರಿ. ಬಾಯಿಗೆ ಕುಕ್ಕೆ. ಮರಿ ಕುಕ್ಕೆಯ ಮೂತಿಯಿಂದ ತಾಯಿಯ ಕೆಚ್ಚಲನ್ನು ಗುದ್ದುತ್ತಿತ್ತು, ಹಾಲು ತಾನಾಗಿಯೇ ತೊಟ್ಟಿಕ್ಕುತ್ತಿತ್ತು.

"ಇವತ್ತು ಇವನಿಗೆ ಕುಡಿಸ್ತೀನಿ" ಎಂದಿರಿ ನೀವು. "ನಾಳೆ ಸಂಜೆಗೆ ಕಣ್ಣು ಹಳದಿ ಆಗುತ್ತೆ. ನಾಡಿದ್ದು ಕೆಂಪಗೆ ಉಚ್ಚೆ ಹುಯ್ತಾನೆ. ಆಚೆ ನಾಡಿದ್ದು ಇರಲ್ಲ. ನನ್ನ ಮರಿ ಇದು, ನನ್ನ ಕಾನೆಲ್ ಹೆತ್ತಿದ್ದು. ನಾನ್ಯಾಕೆ ಕಣ್ಣು ಹಾಕ್ಲಿ? ನೋಡ್ಕೊಳ್ಳಿ, ಹಾಲೋ ನಾನೋ ಅಂತ." ಆಮೇಲೆ ಗುಂಪಿನಲ್ಲಿ ನನ್ನನ್ನು ಹುಡುಕಿದಿರಿ. ಕುಕ್ಕೆಯ ಗಂಟಿನ ಮೇಲೆ ಬೆರಳಿಟ್ಟುಕೊಂಡು ಕೇಳಿದಿರಿ: "ಅಳಿಯಂದ್ರೇ, ಕುಡಿಸಲಾ? ನೀವು ಹೇಳಿ."

ನಿಮಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು. ಮರಿಯನ್ನು ಉಳಿಸಲು ಒಂದು ಬಾಗಿಲು ತೆರೆದಿಟ್ಟಿದ್ದಿರಿ. 'ಬೇಡ' ಎಂದಿದ್ದರೆ ಮರಿ ಉಳಿಯುತ್ತಿತ್ತು, ನೀವೂ ಉಳಿಯುತ್ತಿದ್ದಿರಿ. ಹೋಗುತ್ತಿದ್ದದ್ದು ನನ್ನ ಹರಟೆಯ ಮರ್ಯಾದೆ ಮತ್ತು ಐದು ಮನೆಗಳ ಮುಂದೆ ತಲೆ ಎತ್ತುವ ಮುಖ. ಕ್ಲೆಮಾನ್ಸ್ ನನ್ನ ತೋಳು ಹಿಡಿದಿದ್ದಳು. ಅವಳ ಉಗುರುಗಳು ಕೋಟಿನ ಒಳಗೆ ಇಳಿದದ್ದು ಈಗಲೂ ನೆನಪಿದೆ.

"ಕುಡಿಸಿ" ಎಂದೆ.

ನೀವು ಗಂಟು ಬಿಚ್ಚಿದಿರಿ. ಮರಿ ಎಷ್ಟು ಆಸೆಯಿಂದ ಕುಡಿಯಿತೆಂದರೆ ಗುಂಪಿನಲ್ಲಿದ್ದ ಒಂದಿಬ್ಬರು ಹೆಂಗಸರು ನಕ್ಕರು. ಕಾನೆಲ್ ಅದರ ಬಾಲದ ಬುಡ ನೆಕ್ಕುತ್ತಾ ನಿಂತಿತ್ತು.

ನೀವು ಹೇಳಿದ ಹೊತ್ತಿಗೆ ಹೇಳಿದ ಹಾಗೆಯೇ ಎಲ್ಲ ಆಯಿತು, ರೈಲು ಬಂದ ಹಾಗೆ. ನಾಲ್ಕನೆಯ ದಿನ ಬೆಳಿಗ್ಗೆ ಕೆಂಪಾದ ಹುಲ್ಲಿನ ಹಿಡಿಯೊಂದನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದಿರಿ. "ಈಗ ಹೇಳ್ತೀರಾ?" ಎಂದು ಕೇಳಿದಿರಿ. ನಾನು ಮೇಜಿನ ಮುಂದೆ ಕುಳಿತು ದಾಖಲೆಯಲ್ಲಿ 'ಶ್ವಾಸಕೋಶದ ಜ್ವರ' ಎಂದು ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ. ನೀವು ಹುಲ್ಲನ್ನು ಹೊಸ್ತಿಲ ಮೇಲೆ ಇಟ್ಟು ಹೊರಟುಹೋದಿರಿ. ನನ್ನೊಡನೆ ನೀವಾಡಿದ ಕೊನೆಯ ಮಾತು ಅದು.

ನಿಮ್ಮ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ ಅತ್ತೆ. ಹಾಲೋ ನಾನೋ ಎಂದು ನೀವು ಊರಿನ ಮುಂದೆ ಇಟ್ಟದ್ದು ಯಾವ ಪ್ರಯೋಗಶಾಲೆಗೂ ಒಪ್ಪುವ ಪರೀಕ್ಷೆ. ಆದರೆ ಡಾಕ್ಟರು 'ಹಾಲಲ್ಲ' ಎಂದಾಗಿತ್ತು. ಇನ್ನುಳಿದದ್ದು ನೀವು. "ಯಾವ ದಿನ ಸಾಯುತ್ತೆ ಅಂತ ಮುಂಚೆನೇ ಹೇಳಿದ್ಲಲ್ಲ, ಸಾವು ಕಳಿಸೋಳಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?" ಎಂದ ಗಾಸ್ಪಾರ್. "ತನ್ನ ಮರೀನೇ ತಿಂದ್ಲು, ನಮ್ಮವನ್ನ ಬಿಡ್ತಾಳಾ?" ಎಂದರು ಉಳಿದವರು. ನೀವು ಒಂದು ಪೆಟ್ಟಿಗೆ ಹೊತ್ತು ಜೌಗಿನಲ್ಲಿರುವ ನಿಮ್ಮ ತಂಗಿಯ ಮನೆಗೆ ಹೋದಿರಿ. ಕಾನೆಲ್‌ಳನ್ನು ನಮ್ಮಲ್ಲಿ ಬಿಟ್ಟಿರಿ. ಅದು ಮತ್ತೆ ಗಬ್ಬವಾಗಲಿಲ್ಲ. ಯುದ್ಧ ಬಂತು, ಮುಗಿಯಿತು. ನಮ್ಮವರು ಯಾರು ಯಾರನ್ನೋ ಕ್ಷಮಿಸಿದರು, ನಿಮ್ಮನ್ನಲ್ಲ. ಊರಿನ ಈ ಮಾತು ಎತ್ತಿನ ಗಾಡಿಯಲ್ಲಿ ಹುರುಳಿಯ ಜೊತೆ ನಿಮ್ಮ ದೋಣಿಕಟ್ಟೆಗೂ ಬಂದು ಇಳಿಯಿತೆಂದು, ಅಲ್ಲೂ ಜನ ತಮ್ಮ ಕರುಗಳಿಗೆ ನಿಮ್ಮ ಕಣ್ಣು ಬೀಳದಂತೆ ಮರೆ ಮಾಡುತ್ತಾರೆಂದು ಕೇಳಿದ್ದೇನೆ.

ಈ ವರ್ಷದ ಆರಂಭದಲ್ಲಿ ರಕ್ತದ ವೈದ್ಯರಿಬ್ಬರು ಪ್ಯಾರಿಸ್‌ನಿಂದ ಬಂದಿದ್ದರು. ಮುದುಕಿಯಾದ ನನ್ನ ಫೋವೆಟ್‌ಳ ಗಿಣ್ಣಿನ ಒಂದು ಹನಿ, ಆಗಷ್ಟೇ ಹುಟ್ಟಿದ ಮರಿಯ ರಕ್ತದ ಒಂದು ಹನಿ, ಎರಡನ್ನೂ ಗಾಜಿನ ಮೇಲೆ ಕಲಸಿ ನನಗೆ ತೋರಿಸಿದರು. ರಕ್ತ ಒಡೆದು ರವೆಯಂತೆ ಕಾಳುಕಟ್ಟಿತು. ಮರಿಗೆ ತಂದೆಯ ಕಡೆಯಿಂದ ಬಂದ ರಕ್ತ ತಾಯಿಗೆ ಪರಕೀಯವಂತೆ. ಮೊದಲ ಹೆರಿಗೆಯಲ್ಲಿ ತಾಯಿಯ ರಕ್ತ ಅದನ್ನು ಕಂಡು ನೆನಪಿಟ್ಟುಕೊಳ್ಳುತ್ತದಂತೆ. ಮುಂದಿನ ಸಲ ಅದಕ್ಕೆ ವಿಷ ಮಸೆಯುತ್ತದಂತೆ. ಹೊಟ್ಟೆಯಲ್ಲಿರುವ ತನಕ ಮರಿಗೆ ಅದು ಮುಟ್ಟುವುದಿಲ್ಲ, ಮೊದಲ ಹಾಲಿನಲ್ಲಿ ಇಳಿದು ಬರುತ್ತದೆ. ಒಂದೂವರೆ ದಿನ ಕಳೆದರೆ ಮರಿಯ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವರು ಹೇಳುತ್ತಿದ್ದಾಗ ನಾನು ನಗತೊಡಗಿದೆ. ನಿಲ್ಲಿಸಲಾಗಲಿಲ್ಲ. ಏಕೆ ನಗುತ್ತೀರೆಂದು ಕೇಳಿದರು. ಇದನ್ನೇ ಒಬ್ಬರು ನನಗೆ ಮೂರು ಮಾತಿನಲ್ಲಿ ಹೇಳಿದ್ದರು ಎಂದೆ. "ಅವರು ಎಲ್ಲಿ ಓದಿದ್ದು?" ಎಂದರು. ಆಗ ನಗು ನಿಂತಿತು.

ಗಾಜು ತೋರಿಸಿದ ಮೇಲೆ ನನಗೆ ಬುದ್ಧಿ ಬಂತೆಂದು ನೀವು ತಿಳಿಯಬಾರದು. ಬುದ್ಧಿ ಗಾಸ್ಪಾರನ ಕೊಟ್ಟಿಗೆಯಲ್ಲೇ ಬಂದಿತ್ತು. ಗಾಜು ತಂದದ್ದು ಧೈರ್ಯವನ್ನು. ಅದೂ ಪ್ಯಾರಿಸ್‌ನವರು ಹೇಳಿದ ಮೇಲೆ ಬಂದ ಧೈರ್ಯ, ಅದಕ್ಕೆ ಏನು ಬೆಲೆ ಎಂದು ನನಗೂ ಗೊತ್ತು. ಅಂದು ಜನರನ್ನು ನಗಿಸಲು ಬಾಯಿಗೆ ಕಟ್ಟಿಕೊಂಡ ಕುಕ್ಕೆಯನ್ನು ನಾನು ಹನ್ನೆರಡು ವರ್ಷ ಬಿಚ್ಚಿರಲಿಲ್ಲ.

ಈಗ ಊರಿನಲ್ಲಿ ಉಳಿದಿರುವುದು ಹನ್ನೊಂದೇ ಕುದುರೆಗಳು. ಟ್ರ್ಯಾಕ್ಟರುಗಳು ಬರುತ್ತಿವೆ, ಅವಕ್ಕೆ ಗಿಣ್ಣಿನ ತಾಪತ್ರಯವಿಲ್ಲ. ಈ ವಸಂತದಲ್ಲಿ ಹುಟ್ಟಿದ ಪ್ರತಿ ಮರಿಯ ಬಾಯಿಗೂ ಕುಕ್ಕೆ ಕಟ್ಟಿದ್ದೇನೆ. ಕುದುರೆಮರಿ ಹೆತ್ತ ಕುದುರೆಗಳ ಗಿಣ್ಣನ್ನು ಹುಡುಕಿ ತಂದು ಕುಡಿಸಿದ್ದೇನೆ, ನೀವು ಮಾಡುತ್ತಿದ್ದ ಹಾಗೆ. ಎಲ್ಲವೂ ಬದುಕಿವೆ. ಕುಕ್ಕೆ ಹೆಣೆದವನೂ ನಾನೇ. ನೋಡಿದರೆ ಕಾಗೆಯೂ ತನ್ನ ಗೂಡೆಂದು ಒಪ್ಪಲಾರದು.

ಸತ್ಯವನ್ನು ಪಂಚಾಂಗದಲ್ಲೇ ಅಚ್ಚು ಹಾಕಿಸೋಣವೆಂದು ಬರೆದುಕೊಂಡು ಹೋಗಿದ್ದೆ. ಅಚ್ಚಿನವನು ಎರಡು ಸಲ ಓದಿದ. "ಇದ್ರಲ್ಲಿ ನಗೋದು ಎಲ್ಲಿ ಡಾಕ್ಟ್ರೇ? ಜನ ನಿಮ್ಮದು ಅಂದ್ರೆ ನಗೋಕ್ಕೆ ತಗೊಳ್ಳೋದು" ಎಂದು ವಾಪಸು ಕೊಟ್ಟ. ಗಾಸ್ಪಾರನಿಗೆ ಮುಖಾಮುಖಿ ಹೇಳಿದೆ. "ಹಳೇದು ಬಿಡಿ ಡಾಕ್ಟ್ರೇ, ಅತ್ತೆ ಅಂತ ವಹಿಸ್ಕೊಂಡು ಮಾತಾಡ್ತಿದೀರಿ. ದೊಡ್ಡ ಮನಸ್ಸು" ಎಂದು ಬೆನ್ನು ತಟ್ಟಿದ. ಸುಳ್ಳು ಹೇಳಿದಾಗ ನಂಬಿದ ಊರು ನಿಜ ಹೇಳಿದರೆ ನನ್ನನ್ನು ಒಳ್ಳೆಯವನೆಂದು ಹೊಗಳುತ್ತದೆ.

ಕಾಗದವನ್ನು ನಿನ್ನೆ ಕ್ಲೆಮಾನ್ಸ್‌ಳಿಗೆ ಓದಿ ಹೇಳಿದೆ. 'ಮನೆಗೆ ಬನ್ನಿ' ಎಂದು ಕೊನೆಗೊಂದು ಸಾಲಿತ್ತು. "ಅದನ್ನ ಹೊಡೆದು ಹಾಕಿ" ಎಂದಳು. "ಅಮ್ಮ ಬರಲ್ಲ. ನೀವು ಕರೀಲೂಬಾರ್ದು. ಫಿಲೊಮೆನ್ ಕೈಲಿ ಕೂಗ್ಸಿ, ಅಷ್ಟು ಸಾಕು." ಹೊಡೆದು ಹಾಕಿದ್ದೇನೆ. ಇದನ್ನು ಗುರುವಾರದ ಗಾಡಿಯಲ್ಲಿ ಕಳಿಸುತ್ತಿದ್ದೇನೆ. ಗುರುವಾರ ನಿಮ್ಮ ಕಟ್ಟೆಯಲ್ಲಿ ಸಂತೆ. ನಮ್ಮೂರಿನವರೂ ಹಾವುಮೀನಿಗೆ ಬಂದಿರುತ್ತಾರೆ, ಗಾಸ್ಪಾರನೂ ಬಂದಿರುತ್ತಾನೆ. ನೀರಿನ ಮೇಲೆ ಧ್ವನಿ ದೂರ ಹೋಗುತ್ತದೆ.

ಫಿಲೊಮೆನ್ ಅವರೇ, ಇಲ್ಲಿಯವರೆಗೆ ಒಳಗೆ ಕುಳಿತು ಓದಿದ್ದರೆ ಈಗ ದಯವಿಟ್ಟು ನಮ್ಮ ಅತ್ತೆಯನ್ನು ಕೈಹಿಡಿದು ಬಾಗಿಲಾಚೆ ಕರೆದುಕೊಂಡು ಬನ್ನಿ. ದೋಣಿಗಳ ಕಡೆ ಮುಖ ಮಾಡಿ ನಿಲ್ಲಿ. ಮುಂದಿನದನ್ನು ಕಿವುಡರಿಗೆ ಓದುವ ಹಾಗೆ ಓದಿ:

ಮೂವತ್ತೇಳರ ವಸಂತದಲ್ಲಿ ಲೆ ಶಿರೋನ್‌ನಲ್ಲಿ ಸತ್ತ ಆರು ಮರಿಗಳನ್ನು ಕೊಂದದ್ದು ತಾಯಿಯ ಮೊದಲ ಹಾಲು. ಕುಡಿಸಿ ಎಂದವನು ಪಶುವೈದ್ಯ ಅನ್ಸೆಲ್ಮ್ ಗೆರಿನೋ. ನಾಲ್ಕನೆಯ ಮರಿಯನ್ನು ಕೊಯ್ದಾಗಲೇ ಅವನಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಐದನೆಯದನ್ನು ಸಾಯಲು ಬಿಟ್ಟ. ಗೊತ್ತಿದ್ದೂ ಕಾನೆಲ್‌ಳ ಮರಿಗೆ ಕುಡಿಸಿ ಎಂದ. ಬೇಡ ಎಂದು ಮೊದಲಿನಿಂದ ಹೇಳಿದವರು ರಾದೆಗೊಂದ್ ಒಬ್ಬರೇ. ಅವರ ಕಣ್ಣಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆ ಕಣ್ಣು ಕಂಡದ್ದನ್ನು ನಾವು ಕಾಣಲಿಲ್ಲ.

ಅತ್ತೆಗೆ ಕೇಳಿಸದಿದ್ದರೆ ಇನ್ನೊಮ್ಮೆ ಓದಿ. ಕೇಳಿಸಿದರೂ ಇನ್ನೊಮ್ಮೆ ಓದಿ.

ಅತ್ತೆ, ಉತ್ತರ ಬೇಡ. ನಿಮ್ಮ ಕಣ್ಣಿಗೆ ಇನ್ನಷ್ಟು ವಸಂತಗಳು ಕಾಣಲಿ, ಹೊಟ್ಟೆ ತಣ್ಣಗಿರಲಿ, ಕರುಗಳು ನಿಮ್ಮ ಕೈಯನ್ನು ಹೆದರದೆ ನೆಕ್ಕಲಿ.

'ಕುಡಿಸಿ' ಎಂದವನು,
ಅನ್ಸೆಲ್ಮ್